7ನೇ ಬ್ಯಾಚ್: ಮಂಜು ಕರಗಿತು, ಪೂರ್ತಿ ಅಲ್ಲ

ಲೇಸರ್‌ಗೆಂದು ಪುಡಿ ಬೇಯಿಸಿ ಗಾಜಿನಂತೆ ತಿಳಿಯಾದ ಸೆರಾಮಿಕ್ ಬಿಲ್ಲೆ ಮಾಡಲು ನೋಡುತ್ತಿದ್ದೇನೆ. ಇವತ್ತು 7ನೇ ಬ್ಯಾಚಿನ ಬಿಲ್ಲೆ ಕುಲುಮೆಯಿಂದ ಹೊರಗೆ ಬಂತು. ಬೂದು ಬಣ್ಣ. ಅದಕ್ಕೆ ಹೆದರಬೇಕಿಲ್ಲ. ಯಾಗ್, ಅಂದರೆ ಇಟ್ರಿಯಂ ಅಲ್ಯೂಮಿನಿಯಂ ಗಾರ್ನೆಟ್, ನಿರ್ವಾತದಲ್ಲಿ 1750 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯುವಾಗ ಸ್ವಲ್ಪ ಆಕ್ಸಿಜನ್ ಕಳೆದುಕೊಳ್ಳುತ್ತದೆ. ಗಾಳಿಯಲ್ಲಿ 1450 ಡಿಗ್ರಿಗೆ 10 ಗಂಟೆ ಇಟ್ಟೆ, ತಿಳಿಯಾಯಿತು.

ಪಾಲಿಶ್ ಮಾಡಿ ಅಚ್ಚಾದ ಹಾಳೆಯ ಮೇಲಿಟ್ಟರೆ ಅಕ್ಷರ ಸ್ಪಷ್ಟ. ಫೋಟೋಗೆ ಅದು ಚೆಂದ, ಪರೀಕ್ಷೆಗೆ ಸಾಲದು. ಹಾಳೆಗೆ ತಾಗಿಕೊಂಡಿದ್ದರೆ ಮಂಕು ಬಿಲ್ಲೆಯಲ್ಲೂ ಓದಬಹುದು. ಒಂದು ಗೇಣು ಮೇಲೆತ್ತಿ ನೋಡಬೇಕು. 6ನೇ ಬ್ಯಾಚನ್ನು ಹಾಗೆ ಎತ್ತಿದ ಕೂಡಲೇ ನೀರಿಗೆ ಹಾಲು ಬಿದ್ದ ಹಾಗಾಗಿತ್ತು.

ಆ ಮಂಜಿಗೆ ಕಾರಣ ಹುಡುಕೋಕೆ ಮೂರು ವಾರ ಹೋಯಿತು. ನಾನು ಸುಮ್ನೆ ಕುಲುಮೆಯನ್ನೇ ಬೈಯುತ್ತಿದ್ದೆ. ಎಕ್ಸ್‌ರೇಯಲ್ಲಿ ಶುದ್ಧ ಯಾಗ್ ಅಂತಲೇ ಬಂತು. ಆದರೆ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಕಣಗಳ ಸಂದಿಯಲ್ಲಿ ಕಪ್ಪು ಚುಕ್ಕೆಗಳು: ಉಳಿದುಹೋದ ಅಲ್ಯೂಮಿನಾ, ಅಂದರೆ ಅಲ್ಯೂಮಿನಿಯಂ ಆಕ್ಸೈಡ್.

ತಪ್ಪು ತಕ್ಕಡಿಯಲ್ಲೇ ಆಗಿತ್ತು. 50 ಗ್ರಾಂ ಯಾಗ್‌ಗೆ 28.53 ಗ್ರಾಂ ಇಟ್ರಿಯಾ (ಇಟ್ರಿಯಂ ಆಕ್ಸೈಡ್), 21.47 ಗ್ರಾಂ ಅಲ್ಯೂಮಿನಾ ಬೇಕು. ಇಟ್ರಿಯಾ ಪುಡಿ ಗಾಳಿಯಿಂದ ತೇವ, ಇಂಗಾಲದ ಡೈಆಕ್ಸೈಡ್ ಎರಡನ್ನೂ ಎಳೆದುಕೊಳ್ಳುತ್ತದೆ. ನನ್ನ ಡಬ್ಬಿಯ ಪುಡಿಯನ್ನು 1000 ಡಿಗ್ರಿಗೆ ಕಾಯಿಸಿ ತೂಗಿದರೆ 100ಕ್ಕೆ 2 ಗ್ರಾಂ ಮಾಯ! ಅಂದರೆ ಇಷ್ಟು ದಿನ ಅರ್ಧ ಗ್ರಾಂಗಿಂತ ಜಾಸ್ತಿ ತೇವವನ್ನೇ ಇಟ್ರಿಯಾ ಅಂತ ತೂಗಿ ಹಾಕುತ್ತಿದ್ದೆ. ಸಾಲದ್ದಕ್ಕೆ, ಅರೆಯುವ ಅಲ್ಯೂಮಿನಾ ಗುಂಡುಗಳು ಸವೆದು ಅದೂ ಪುಡಿಗೆ ಸೇರುತ್ತಿತ್ತು. ಗುಂಡುಗಳನ್ನು ಮೊದಲು, ಆಮೇಲೆ ತೂಗಿದೆ: 0.1 ಗ್ರಾಂ ಕಮ್ಮಿ. ಎರಡು ತಪ್ಪೂ ಒಂದೇ ಕಡೆಗೆ ಜಗ್ಗಿವೆ, ಅಲ್ವಾ?

ಈ ಸಲ ಕಾಯಿಸಿದ ಇಟ್ರಿಯಾವನ್ನು ಬಿಸಿ ಆರುತ್ತಿದ್ದಂತೆ ತೂಗಿದೆ. ಅಲ್ಯೂಮಿನಾದಲ್ಲಿ ಆ 0.1 ಗ್ರಾಂ ಮುರಿದುಕೊಂಡೆ. ಉಳಿದದ್ದೆಲ್ಲ ಹಳೆಯದೇ.

ಫಲ: 3 ಮಿ.ಮೀ. ದಪ್ಪದ ಬಿಲ್ಲೆಯಲ್ಲಿ 1064 ನ್ಯಾನೋಮೀಟರ್ ತರಂಗದ, ಕಣ್ಣಿಗೆ ಕಾಣದ ಅವಕೆಂಪು ಬೆಳಕು 81.5% ದಾಟುತ್ತಿದೆ. ಹಿಂದಿನದು 71%. ಎರಡು ಮುಖಗಳಲ್ಲಿ ಪ್ರತಿಫಲಿಸಿ ಹೋಗುವುದನ್ನು ಕಳೆದರೆ ಯಾಗ್‌ಗೆ ಮಿತಿಯೇ ಸುಮಾರು 84%. ಉಳಿದ ಎರಡೂವರೆ ಚಿಲ್ಲರೆ ಅಂತ ಬಿಡೋ ಹಾಗಿಲ್ಲ. ಲೇಸರ್‌ನಲ್ಲಿ ಬೆಳಕು ಕನ್ನಡಿಗಳ ನಡುವೆ ಮತ್ತೆ ಮತ್ತೆ ಇದೇ ಬಿಲ್ಲೆಯನ್ನು ಹಾಯಬೇಕು, ಪ್ರತಿ ಸಲವೂ ಸುಂಕ ಕಟ್ಟಬೇಕು. 2007ರಲ್ಲಿ ಅಮೆರಿಕದ ಲಾರೆನ್ಸ್ ಲಿವರ್ಮೋರ್ ಪ್ರಯೋಗಾಲಯ ಇಂಥ ಸೆರಾಮಿಕ್ ಹಲಗೆಗಳಿಂದಲೇ 67 ಕಿಲೋವ್ಯಾಟ್ ತೆಗೆದಿತ್ತು. ನಾನಿನ್ನೂ ಲೇಸರ್ ಬೆಳಕು ಹೊಮ್ಮಿಸುವ ನಿಯೋಡಿಮಿಯಂ ಕೂಡ ಬೆರೆಸಿಲ್ಲ.

400 ನ್ಯಾನೋಮೀಟರ್‌ನಲ್ಲಿ ಸಂಖ್ಯೆ 76%ಕ್ಕೆ ಇಳಿಯುತ್ತಿದೆ. ನೀಲಿ ಬೆಳಕೇ ಜಾಸ್ತಿ ಚದುರುತ್ತಿದೆ ಎಂದರೆ ಸಣ್ಣ ರಂಧ್ರಗಳ ಮೇಲೆ ಅನುಮಾನ. ಕಣಗಳು ಬೇಗ ಬೆಳೆದು ಗಾಳಿಗುಳ್ಳೆಗಳನ್ನು ಒಳಗೇ ನುಂಗಿಕೊಂಡಿರಬೇಕು. 8ನೇ ಬ್ಯಾಚಿಗೆ 1500 ಡಿಗ್ರಿಯ ನಂತರ ನಿಮಿಷಕ್ಕೆ 5ರ ಬದಲು 1 ಡಿಗ್ರಿಯಂತೆ ಏರಿಸುತ್ತೇನೆ. ಪುಡಿ ಈಗಾಗಲೇ ಮಿಲ್ಲಿನಲ್ಲಿ ತಿರುಗುತ್ತಿದೆ.