ಎಲ್ಲಿ ಕೊಯ್ಯಬೇಕು ಎಂಬ ಪ್ರಶ್ನೆ

ನನ್ನ ಎಡ ಸ್ತನ ಬಲಕ್ಕಿಂತ ಎದ್ದು ಕಾಣುವಷ್ಟು ಚಿಕ್ಕದಾಗಿತ್ತು. 16ನೇ ವಯಸ್ಸಿನಿಂದ 31ರವರೆಗೆ ಒಂದು ಬದಿಗೆ ಬಟ್ಟೆಯ ಪ್ಯಾಡ್ ಇಟ್ಟುಕೊಳ್ಳದೆ ನಾನು ಮನೆಯಿಂದ ಹೊರಗೆ ಕಾಲಿಟ್ಟವಳಲ್ಲ. ಕಲಬುರಗಿಯಲ್ಲಿ ಬಿಸಿಲು 42 ಡಿಗ್ರಿ ದಾಟುವ ಮೇ ತಿಂಗಳಲ್ಲಿ ಆ ಪ್ಯಾಡ್ ಬೆವರಿನಲ್ಲಿ ತೊಯ್ದು, ಅದರಡಿಯ ಚರ್ಮವೆಲ್ಲ ಕೆಂಪಾಗಿ ಉರಿಯುತ್ತಿತ್ತು. ಕೊನೆಗೆ ಒಂದು ಡಿಸೆಂಬರಿನಲ್ಲಿ ವೈನಿಯನ್ನು ಕರೆದುಕೊಂಡು ನಗರದ ಪ್ಲಾಸ್ಟಿಕ್ ಸರ್ಜನ್ ಒಬ್ಬರ ಬಳಿಗೆ ಹೋದೆ.

ಎಡಬದಿಗೆ ಸಿಲಿಕೋನ್ ಜೆಲ್ ಇಂಪ್ಲಾಂಟ್, ಅಂದರೆ ಸ್ತನವನ್ನು ದೊಡ್ಡದಾಗಿಸಲು ಒಳಗೆ ಇಡುವ ಜೆಲ್ ತುಂಬಿದ ಚೀಲ, ಹಾಕಿಸುವುದೆಂದು ಆ ಮೊದಲ ಭೇಟಿಯಲ್ಲೇ ತೀರ್ಮಾನವಾಯಿತು. ಮುಂದಿನ ಸಲ ಗಾತ್ರದ ಮಾತು ಬರುತ್ತದೆಂದು ಎಣಿಸಿದ್ದೆ. ಆದರೆ ವೈದ್ಯೆ ಹೆಚ್ಚಿನ ಸಮಯವನ್ನು ಕೊಟ್ಟದ್ದು ಅದನ್ನು ಯಾವ ದಾರಿಯಿಂದ ಒಳಗೆ ಕಳುಹಿಸಬೇಕು ಎಂಬ ಪ್ರಶ್ನೆಗೆ. ನನ್ನ ಉತ್ತರ ಸಿದ್ಧವಿತ್ತು: ಕಂಕುಳು. ಅಲ್ಲಿ ಕೊಯ್ದರೆ ಸ್ತನದ ಮೇಲೆ ಒಂದು ಗೆರೆಯೂ ಬೀಳುವುದಿಲ್ಲ. ವೈನಿಯೂ ಅದನ್ನೇ ಹೇಳಿದರು: “ಲಗ್ನ ಆಗೋ ಹುಡ್ಗಿ, ಎದಿ ಮ್ಯಾಲ ಕಲಿ ಬ್ಯಾಡ್ರಿ.”

ವೈದ್ಯೆ ಅದನ್ನು ತಳ್ಳಿಹಾಕಲಿಲ್ಲ, ಆದರೆ ನನ್ನ ದೇಹಕ್ಕೆ ಅದು ಹೇಗೆ ಹೊಂದುತ್ತದೆಂದು ಬಿಡಿಸಿ ಹೇಳಿದರು. ಕಂಕುಳಿನಿಂದ ಇಂಪ್ಲಾಂಟ್ ಕೂರುವ ಜಾಗ ದೂರ. ಸಾಮಾನ್ಯವಾಗಿ ಕ್ಯಾಮೆರಾ ಇರುವ ಕೊಳವೆಯ ಸಹಾಯದಿಂದ ಕೆಲಸ ಮಾಡುತ್ತಾರೆ, ಮತ್ತು ಕೆಳಗಿನ ಅಂಚನ್ನು ಬೇಕಾದ ಮಟ್ಟಕ್ಕೆ ಸರಿಯಾಗಿ ತರುವುದು ಕಷ್ಟ. ಬಲಬದಿಗೆ ಸರಿಸಮ ಮಾಡುವುದೇ ಉದ್ದೇಶವಾಗಿರುವ ನನಗೆ ಆ ಅಂಚೇ ಮುಖ್ಯವಾಗಿತ್ತು. “ಇನ್ನೊಂದು ಮಾತು ನೋಡ್ರಿ, ಇದು ಜೀವಮಾನಪೂರ್ತಿ ಬಾಳೋ ವಸ್ತು ಅಲ್ಲ” ಎಂದರು. ಮುಂದೆ ಎಂದಾದರೂ ಅದನ್ನು ತೆಗೆಯಬೇಕಾಗಿ ಬಂದರೆ, ಕಂಕುಳಿನ ದಾರಿ ಹಿಡಿದವರಿಗೆ ಅನೇಕ ವೇಳೆ ಬೇರೆ ಕಡೆ ಮತ್ತೊಂದು ಕೊಯ್ತ ಬೇಕಾಗುತ್ತದೆ. ಒಂದು ಕಲೆಯನ್ನು ತಪ್ಪಿಸಲು ಹೋಗಿ ಎರಡು ಕಲೆಗಳಿಗೆ ಸಹಿ ಹಾಕುತ್ತಿದ್ದೇನೆಂದು ನನಗೆ ಹೊಳೆದದ್ದು ಆಗಲೇ.

ತೊಟ್ಟಿನ ಸುತ್ತಲಿನ ಕಪ್ಪು ವರ್ತುಲದ ಅಂಚಿನಲ್ಲಿ ಕೊಯ್ದರೆ, ಎರಡು ಬಣ್ಣಗಳು ಕೂಡುವ ಗಡಿಯಲ್ಲಿ ಕಲೆ ಚೆನ್ನಾಗಿ ಅಡಗುತ್ತದೆ. ಆದರೆ ಆ ದಾರಿ ಹಾಲಿನ ನಾಳಗಳಿರುವ ಭಾಗದ ಮೂಲಕ ಹಾಯುತ್ತದೆ. ಮುಂದೆ ಮಗುವಿಗೆ ಹಾಲುಣಿಸುವಾಗ ತೊಂದರೆಯಾಗಬಹುದು, ತೊಟ್ಟಿನ ಸ್ಪರ್ಶಜ್ಞಾನ ಕುಗ್ಗಬಹುದು. ನಾಳಗಳಲ್ಲಿ ಸಹಜವಾಗಿರುವ ಬ್ಯಾಕ್ಟೀರಿಯಾ ಇಂಪ್ಲಾಂಟಿಗೆ ತಾಗಿದರೆ, ಅದರ ಸುತ್ತ ದೇಹವೇ ಕಟ್ಟುವ ಪೊರೆ ಬಿಗಿದು ಸ್ತನ ಗಟ್ಟಿಯಾಗುವ ಸಂಭವವೂ ಹೆಚ್ಚು. ಸಾಲದ್ದಕ್ಕೆ ನನ್ನ ಎಡಬದಿಯ ವರ್ತುಲ ತೀರಾ ಕಿರಿದು. ಹೊಕ್ಕುಳಿನ ದಾರಿಯ ಮಾತು ಒಂದೇ ವಾಕ್ಯದಲ್ಲಿ ಮುಗಿಯಿತು: ಖಾಲಿ ಚೀಲವನ್ನು ಸುರುಳಿ ಸುತ್ತಿ ಕಳುಹಿಸಿ ಆಮೇಲೆ ಉಪ್ಪುನೀರು ತುಂಬುವ ಬಗೆಗೆ ಮಾತ್ರ ಅದು ಸಾಧ್ಯ, ಮೊದಲೇ ತುಂಬಿರುವ ಜೆಲ್ ಇಂಪ್ಲಾಂಟಿಗೆ ಅಲ್ಲ.

ಉಳಿದದ್ದು ಸ್ತನದ ಕೆಳಗಿನ ಮಡಿಕೆ. ಸುಮಾರು 5 ಸೆಂಟಿಮೀಟರ್ ಕೊಯ್ತ; ವೈದ್ಯರಿಗೆ ಒಳಗಿನ ಜಾಗ ನೇರವಾಗಿ ಕಾಣುತ್ತದೆ, ಹಾಲಿನ ಗ್ರಂಥಿಯನ್ನು ಸೀಳದೆ ಅದರ ಹಿಂಬದಿಗೆ ಹೋಗಬಹುದು, ಮುಂದೆ ಬೇಕಾದರೆ ಅದೇ ಗೆರೆಯನ್ನು ಮತ್ತೆ ತೆರೆಯಬಹುದು. ನನ್ನ ಅಂಜಿಕೆ ಬೇರೆಯೇ ಇತ್ತು. ತೋಳಿನ ಮೇಲಿನ ಬಿಸಿಜಿ ಚುಚ್ಚುಮದ್ದಿನ ಕಲೆ ಉಬ್ಬಿಕೊಂಡಿರುವುದನ್ನು ತೋರಿಸಿ, ಇದೂ ಹಾಗೆಯೇ ಆದರೆ ಏನು ಗತಿ ಎಂದು ಕೇಳಿದೆ. ತೋಳಿನ ಆ ಭಾಗ, ಎದೆಯ ನಡುಭಾಗ, ಕಿವಿಯ ಹಾಲೆ ಇವು ಕಲೆ ಗಂಟುಕಟ್ಟುವುದಕ್ಕೆ ಹೆಸರಾದ ಜಾಗಗಳೆಂದು ಹೇಳಿ, ಅವರು ನನ್ನ ಕಿವಿಗಳನ್ನು ನೋಡಿದರು. ಆಮೇಲೆ 14ನೇ ವಯಸ್ಸಿನಲ್ಲಾದ ಅಪೆಂಡಿಕ್ಸ್ ಆಪರೇಷನ್ನಿನ ಕಲೆಯನ್ನು ಬೆರಳಿನಿಂದ ಒತ್ತಿ ನೋಡಿದರು. ಅದು ಬಿಳಿಯ ನೂಲಿನ ಹಾಗೆ ಚಪ್ಪಟೆಯಾಗಿ ಮಾಗಿತ್ತು. ಖಾತರಿ ಕೊಡಲಾರೆ, ಆದರೆ ಇದು ಒಳ್ಳೆಯ ಸುಳಿವು ಎಂದರು.

ಯೋಚಿಸಲು ನಾನು ಎರಡು ದಿನ ಸಮಯ ಕೇಳಿಕೊಂಡೆ. ಕಲೆ ಯಾರ ಕಣ್ಣಿಗೆ ಬೀಳಬಾರದೆಂದು ನಾನು ಇಷ್ಟು ಲೆಕ್ಕ ಹಾಕುತ್ತಿದ್ದೇನೆ? ಇನ್ನೂ ಗೊತ್ತಿಲ್ಲದ ಒಬ್ಬರ ನೋಟಕ್ಕೆ ಹೆದರಿ, ಹುಟ್ಟಬಹುದಾದ ಮಗುವಿನ ಹಾಲನ್ನೂ ನನ್ನ ಸ್ಪರ್ಶವನ್ನೂ ಪಣಕ್ಕಿಡುವುದು ನನಗೆ ನ್ಯಾಯವೆನಿಸಲಿಲ್ಲ. ಮಡಿಕೆಯೇ ಇರಲಿ ಎಂದು ತಿಳಿಸಿದೆ. ಶರಣಬಸವೇಶ್ವರರ ಜಾತ್ರೆ ಮುಗಿಯಲಿ ಎಂದು ವೈನಿ ಹೇಳಿದರು. ಅಷ್ಟರಲ್ಲಿ ಬಿಸಿಲೇರಿ ಮಡಿಕೆಯ ಹೊಲಿಗೆಯಲ್ಲಿ ಬೆವರು ನಿಲ್ಲುತ್ತದೆಂದು ಜನವರಿಯನ್ನೇ ಗೊತ್ತುಮಾಡಿದೆವು.

ಆಪರೇಷನ್ನಿನ ಬೆಳಿಗ್ಗೆ, ಅರಿವಳಿಕೆ ಕೊಡುವ ಮುಂಚೆ, ವೈದ್ಯೆ ನನ್ನನ್ನು ನೆಟ್ಟಗೆ ನಿಲ್ಲಿಸಿ ಪೆನ್ನಿನಿಂದ ಗುರುತು ಮಾಡಿದರು. ಮಲಗಿದರೆ ಸ್ತನ ಪಕ್ಕಕ್ಕೆ ಸರಿದು ಮಡಿಕೆಯ ಮಟ್ಟ ಮೋಸ ಮಾಡುತ್ತದಂತೆ. ಅವರು ಗೆರೆ ಎಳೆದದ್ದು ನನ್ನ ಎಡ ಮಡಿಕೆಯ ಮೇಲಲ್ಲ, ಅದಕ್ಕಿಂತ ಕೆಳಗೆ, ಬರಿಯ ಪಕ್ಕೆಲುಬಿನ ಮೇಲೆ. ನಾನು ಗಾಬರಿಯಿಂದ ನೋಡಿದೆ. ಚಿಕ್ಕ ಸ್ತನದ ಮಡಿಕೆ ಮೇಲಿರುತ್ತದೆ, ಇಂಪ್ಲಾಂಟ್ ಕೂತಾಗ ಕೆಳಗಿನ ಚರ್ಮವನ್ನು ಅದು ಮೇಲಕ್ಕೆ ಎಳೆದುಕೊಳ್ಳುತ್ತದೆ, ಈಗಿರುವ ಮಡಿಕೆಯಲ್ಲೇ ಕೊಯ್ದರೆ ನಾಳೆ ಕಲೆ ಸ್ತನದ ಮೇಲೆ ಬಂದು ನಿಲ್ಲುತ್ತದೆ ಎಂದು ವಿವರಿಸುತ್ತಲೇ, ತೊಟ್ಟಿನಿಂದ ಚರ್ಮವನ್ನು ಎಳೆದು ಹಿಡಿದು ಟೇಪಿನಿಂದ ಮತ್ತೊಮ್ಮೆ ಅಳೆದರು. ಇನ್ನೂ ಹುಟ್ಟದ ಮಡಿಕೆಯೊಂದರ ಜಾಗವನ್ನು ಅವರು ಅಷ್ಟು ನಿಧಾನವಾಗಿ ಹುಡುಕುತ್ತಿದ್ದುದನ್ನು ನಾನು ಮರೆಯಲಾರೆ.

ಈಗ ಒಂಬತ್ತು ತಿಂಗಳಾಗಿವೆ. ಮೊದಲ ತಿಂಗಳುಗಳಲ್ಲಿ ಕೆಂಪಗಿದ್ದ ಗೆರೆ, ಸಿಲಿಕೋನ್ ಪಟ್ಟಿ ಹಚ್ಚುತ್ತಾ ಬಂದ ಮೇಲೆ ತಿಳಿಗಂದು ಬಣ್ಣಕ್ಕೆ ತಿರುಗಿದೆ. ಕೈ ಎತ್ತಿದರೆ ಕನ್ನಡಿಯಲ್ಲಿ ಕಾಣುತ್ತದೆ. ಕೈ ಇಳಿಸಿದರೆ ಹೊಸ ಮಡಿಕೆಯೊಳಗೆ ಹೋಗಿ ಸೇರುತ್ತದೆ.