ಕ್ಲಚ್ ಸುಟ್ಟ ವಾಸನೆ

ಇವತ್ತು ಕಲ್ಲು ಏರಲ್ಲಿ ಮುಂದಿದ್ದ ಗಾಡಿಯಿಂದ ಕ್ಲಚ್ ಸುಟ್ಟ ವಾಸನೆ. ಮೂಗಿಗೆ ಒಮ್ಮೆ ಬಡಿದರೆ ಸಂಜೆವರೆಗೂ ಹೋಗಲ್ಲ. ಕಲ್ಲು-ಮರಳಿನ ದಾರಿಗೆ ಮ್ಯಾನುವಲ್ ಗಾಡಿನೋ ಆಟೋಮ್ಯಾಟಿಕ್ಕೋ ಅನ್ನೋ ಪ್ರಶ್ನೆ ಮತ್ತೆ ತಲೆಗೆ ಬಂತು.

ಮ್ಯಾನುವಲ್ಲನ್ನ ಹಾಫ್ ಕ್ಲಚ್ಚಲ್ಲಿ, ಅಂದ್ರೆ ಪೆಡಲ್ ಅರ್ಧ ಒತ್ತಿಟ್ಟುಕೊಂಡು, ಕಲ್ಲು ಹತ್ತಿಸೋದು, ಎಡವಟ್ಟು ಅಲ್ಲೇ. ಕ್ಲಚ್ ಪ್ಲೇಟು ಇಂಜಿನ್ ಜೊತೆ ತಿರುಗೋ ಫ್ಲೈವೀಲಿಗೆ ಪೂರ್ತಿ ಕಚ್ಚದೆ ಉಜ್ಜುತ್ತಲೇ ಇರುತ್ತೆ, ಲೈನಿಂಗ್ ಕಾದು ಹಿಡಿತ ಬಿಡುತ್ತೆ. ಆಮೇಲೆ ಎಷ್ಟು ಆಕ್ಸಿಲರೇಟರ್ ಒತ್ತಿದರೂ ಇಂಜಿನ್ ಕೂಗೋದಷ್ಟೇ, ಗಾಡಿ ಕದಲಲ್ಲ.

4ಎಲ್ (ನಾಲ್ಕೂ ಚಕ್ರಕ್ಕೆ ಬಲ ಕೊಡೋ ನಿಧಾನದ ಗೇರು) ಹಾಕಿ, ಮೊದಲನೇ ಗೇರು, ಕ್ಲಚ್ಚಿಂದ ಕಾಲು ಪೂರ್ತಿ ತೆಗೀರಿ. ತಾನೇ ತೆವಳುತ್ತೆ.

ಆಟೋಮ್ಯಾಟಿಕ್‌ಗೆ ಈ ತಲೆನೋವಿಲ್ಲ. ಟಾರ್ಕ್ ಕನ್ವರ್ಟರ್, ಅಂದ್ರೆ ಕ್ಲಚ್ ಬದಲು ಎಣ್ಣೆ ಮೂಲಕ ಬಲ ದಾಟಿಸೋ ಭಾಗ, ಇರೋದರ ಮಾತು ಹೇಳ್ತಿರೋದು. ಎಡಗಾಲಲ್ಲಿ ಬ್ರೇಕ್ ಹಗುರಾಗಿ ಹಿಡಿದು ಬಲಗಾಲಲ್ಲಿ ಸ್ವಲ್ಪ ಸ್ವಲ್ಪ ಕೊಟ್ಟರೆ ಚಕ್ರ ಕಲ್ಲಿನ ಮೇಲಿಂದ ಇಂಚಿಂಚೇ ದಾಟುತ್ತೆ, ದೊಪ್ಪಂತ ಬೀಳಲ್ಲ.

ಆದ್ರೆ ಮರಳಲ್ಲಿ ನಿಧಾನಕ್ಕೆ ಒದ್ದಾಡ್ತಾ ಇದ್ದರೆ ಗೇರ್‌ಬಾಕ್ಸ್ ಎಣ್ಣೆ ಕಾಯುತ್ತೆ. ಕ್ಲಚ್ ಥರ ಮೊದಲೇ ವಾಸನೆ ಕೊಟ್ಟು ಎಚ್ಚರಿಸಲ್ಲ, ಪಾಪ. ಉಷ್ಣಾಂಶದ ದೀಪ ಹತ್ತಿದರೆ ನಿಲ್ಲಿಸಿ, ಪಾರ್ಕ್‌ಗೆ ಹಾಕಿ, ಇಂಜಿನ್ ಆರಿಸಬೇಡಿ. ಓಡ್ತಾ ಇದ್ದರೇನೇ ಎಣ್ಣೆ ಕೂಲರಿಗೆ ಹೋಗಿ ಬರೋದು.

ನನ್ನ ಓಟು? ಕಲ್ಲಿಗೆ, ಮರಳಿಗೆ ಆಟೋಮ್ಯಾಟಿಕ್. ಉದ್ದ ಇಳಿಜಾರಿಗೆ ಮ್ಯಾನುವಲ್. ಬ್ಯಾಟರಿ ಕೈಕೊಟ್ಟಾಗ ತಳ್ಳಿ ಸ್ಟಾರ್ಟ್ ಮಾಡೋಕೂ ಅದೇ ಬೇಕು.