ಪಟ್ಟಾಭಿಷೇಕದ ಊರು ಸೇಕೆಶ್‌ಫೆಹೇರ್ವಾರ್

ಹಾಸನದವರಿಗೆ ಹಾಳಾದ ರಾಜಧಾನಿ ಹೊಸದಲ್ಲ, ಹಳೇಬೀಡು ಪಕ್ಕದಲ್ಲೇ ಇದೆ. ಆದರೆ ಹಂಗೇರಿಯ ಸೇಕೆಶ್‌ಫೆಹೇರ್ವಾರ್‌ನಲ್ಲಿ ಹೊಯ್ಸಳೇಶ್ವರದಷ್ಟೂ ಉಳಿದಿಲ್ಲ. 11ನೇ ಶತಮಾನದಲ್ಲಿ ಮೊದಲ ದೊರೆ ಇಶ್ತ್ವಾನ್ ಕಟ್ಟಿಸಿದ ಬೆಸಿಲಿಕಾದಲ್ಲಿ (ದೊಡ್ಡ ಚರ್ಚು) ರಾಜರಿಗೆ ಪಟ್ಟ ಕಟ್ಟುತ್ತಿದ್ದರು, ಹದಿನೈದು ರಾಜರನ್ನು ಅಲ್ಲೇ ಹೂಳಿದರು. 1527ರ ನಂತರ ಅಲ್ಲಿ ಪಟ್ಟಾಭಿಷೇಕವೇ ಇಲ್ಲ. 1543ರಲ್ಲಿ ಊರು ಒಟ್ಟೊಮನ್ ತುರ್ಕರ ವಶವಾಯಿತು. 1601ರ ಮುತ್ತಿಗೆಯಲ್ಲಿ ಬೆಸಿಲಿಕಾದೊಳಗೆ ಪೇರಿಸಿದ್ದ ಸಿಡಿಮದ್ದು ಸಿಡಿದು ಕಟ್ಟಡ ಕುಸಿಯಿತು. ಬಿದ್ದ ಕಲ್ಲನ್ನು ಜನ ಬೇರೆ ಕಟ್ಟಡಗಳಿಗೆ ಹೊತ್ತೊಯ್ದರು (ನಮ್ಮ ಕಡೆಯೂ ಕಂಡದ್ದೇ). ಈಗ ಕಾಣುವುದು ಅಡಿಪಾಯ, ಮೋಟುಗೋಡೆ ಅಷ್ಟೇ. ನಕ್ಷೆ ಮೊದಲೇ ನೋಡಿಕೊಳ್ಳದಿದ್ದರೆ ಬರೀ ಕಲ್ಲುಗುಡ್ಡೆ.

ಬುಡಾಪೆಸ್ಟಿನಿಂದ ಸುಮಾರು 65 ಕಿ.ಮೀ. ಕೆಲೆನ್‌ಫೊಲ್ಡ್ ನಿಲ್ದಾಣದಲ್ಲಿ ರೈಲು ಹತ್ತಿದರೆ ಗಂಟೆಯೊಳಗೆ ಊರು. ಸಮಾಜವಾದಿ ಕಾಲದಲ್ಲಿ ಇಕಾರುಸ್ ಬಸ್, ವಿಡಿಯೋಟನ್ ಟಿವಿ ತಯಾರಾಗುತ್ತಿದ್ದುದೂ ಇಲ್ಲೇ. ಊರು ಇವತ್ತು ಬದುಕಿರುವುದು ರಾಜರಿಂದಲ್ಲ, ಕಾರ್ಖಾನೆಗಳಿಂದ.